ಡ್ರಮ್ಮಿನ ಮೇಲೆ ಕುಳಿತ ಸುಬೇದಾರ

ಕಾಪು ಬೀಚಿನಲ್ಲಿ ಬೆಳಿಗ್ಗೆ ಓಡುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೈನ್ಯದ ಭರ್ತಿಗೆ ತಯಾರಾಗುವವರು ಅವರು. ಕಾರ್ಕಳದಿಂದ, ಉಚ್ಚಿಲದಿಂದ, ನಮ್ಮ ಶಿರ್ವದಿಂದಲೂ ಬರುತ್ತಾರೆ. ನಾನು ಸ್ಕೂಟರ್ ನಿಲ್ಲಿಸಿ ಅವರ ಓಟ ನೋಡುತ್ತ ನಿಲ್ಲುತ್ತೇನೆ. ನಿವೃತ್ತನಿಗೆ ಬೆಳಿಗ್ಗೆ ಬೇರೇನು ಕೆಲಸ? ಓಟ ಮುಗಿಸಿ ಏದುಸಿರು ಬಿಡುತ್ತ ಬಂದವರು ಎತ್ತರ, ಎದೆಯ ಅಳತೆ, ರಜೆ, ಕ್ಯಾಂಟೀನು ಎಲ್ಲವನ್ನೂ ವಿಚಾರಿಸುತ್ತಾರೆ. ಕೊನೆಗೆ ಒಬ್ಬನಾದರೂ ಹೇಳುತ್ತಾನೆ: "ಮತ್ತೆ ಎಂತ ಉಂಟು ಸರ್, ಹೇಳಿದ್ದನ್ನು ಮಾಡಿದ್ರೆ ಆಯ್ತಲ್ವಾ?"

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಗುವಿನಂಥ ಹುಡುಗನಿಗೆ ಬೈಯಲೂ ಮನಸ್ಸಾಗುವುದಿಲ್ಲ. ಉತ್ತರ ಉದ್ದವಾದದ್ದು, ಬೀಚಿನಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ. ಆದ್ದರಿಂದ ಕಾಗದದ ಮೇಲೆ ಹೇಳುತ್ತೇನೆ.

ನನ್ನ ಹೆಸರು ಲಾರೆನ್ಸ್. ಸೈನ್ಯದ ಇಂಜಿನಿಯರ್ ದಳದಲ್ಲಿ, ಅಂದರೆ ಹೊಳೆಗೆ ಸೇತುವೆ ಹಾಕುವ, ನೆರೆ ಬಂದಲ್ಲಿಗೆ ಬೋಟು ಒಯ್ಯುವ ದಳದಲ್ಲಿ, ಸಿಪಾಯಿಯಾಗಿ ಸೇರಿ ಸುಬೇದಾರನಾಗಿ ಹೊರಬಂದೆ. ಊರಿನವರಿಗೆ ನಾನು ಮಿಲಿಟ್ರಿ ಪೊರ್ಬು. ತುಳು ಮಾತಾಡುವವರು ನಮ್ಮಂಥ ಕ್ರಿಶ್ಚಿಯನ್ನರನ್ನು ಗೌರವದಿಂದ ಪೊರ್ಬು ಎಂದೇ ಕರೆಯುವುದು. ನನ್ನ ಜೊತೆ ಶಾಲೆಗೆ ಹೋದವರೆಲ್ಲ ಕುವೈತು, ದುಬೈ ಎಂದು ಹೋಗಿ ಎರಡಂತಸ್ತಿನ ಮನೆ ಕಟ್ಟಿದರು. ನಾನು ಕಟ್ಟಿದ್ದೆಲ್ಲ ಸೇತುವೆ. ಅವನ್ನೂ ಕೆಲಸ ಮುಗಿದ ಮೇಲೆ ಬಿಚ್ಚಿ ಲಾರಿಗೆ ತುಂಬಿಸಿಕೊಂಡು ಬಂದೆವು. ಬಡ್ತಿ, ಪದಕಗಳ ಸುದ್ದಿ ಇಲ್ಲಿ ಬೇಡ. ಅವನ್ನು ನನ್ನ ಹೆಂಡತಿ ಶೋಕೇಸಿನಲ್ಲಿ ಇಟ್ಟಿದ್ದಾಳೆ, ಮನೆಗೆ ಬಂದವರಿಗೆ ಅವಳೇ ವಿವರಿಸುತ್ತಾಳೆ.

ಮೊದಲು ಕಬ್ಬಿಣದ ಚೌಕಟ್ಟಿನ ಕತೆ. ಆಗಿನ ಕಾಲದಲ್ಲಿ ಸೇತುವೆಯ ಒಂದೊಂದು ಚೌಕಟ್ಟನ್ನೂ ಕೈಯಿಂದಲೇ ಹೊರಬೇಕಿತ್ತು. ಈಗಿನಂತೆ ಗುಂಡಿ ಒತ್ತಿದರೆ ಲಾರಿಯೇ ಸೇತುವೆಯನ್ನು ಚಾಚುವ ಸೌಕರ್ಯ ಇರಲಿಲ್ಲ. ಚೌಕಟ್ಟಿನ ಆಚೆ ಮೂವರು, ಈಚೆ ಮೂವರು. ಹವಾಲ್ದಾರರು "ಎತ್ತು" ಎಂದರೆ ಆರೂ ಜನ ಒಟ್ಟಿಗೆ ಎತ್ತುವುದು, "ಇಳಿಸು" ಎಂದರೆ ಒಟ್ಟಿಗೆ ಇಳಿಸುವುದು. ಒಬ್ಬ ಮುಂಚೆ ಕೈಬಿಟ್ಟರೆ ಉಳಿದವರ ಕಾಲು ಹೋಯಿತೆಂದೇ ಲೆಕ್ಕ. ಹಾಗಾಗಿ ಹುಕುಂ ಇಲ್ಲದೆ ಅಲ್ಲಾಡಬಾರದು ಎಂಬುದನ್ನು ನಮ್ಮ ಎಲುಬಿನೊಳಗೆ ಇಳಿಸಿದ್ದರು.

ಒಂದು ದಿನ ಹವಾಲ್ದಾರ್ ತಂಗವೇಲು "ಎತ್ತು" ಎಂದರು, ಎತ್ತಿದೆವು. ಅಷ್ಟರಲ್ಲಿ ಮೇಲಿನಿಂದ ಯಾರೋ ಅಧಿಕಾರಿ ಕರೆದರು, ಹವಾಲ್ದಾರರು ಓಡಿದರು. ನಾವು ಆರು ಜನ ಹೊಳೆಯ ದಂಡೆಯಲ್ಲಿ ಆ ಭಾರ ಹೊತ್ತು ನಿಂತೆವು. ನಿಂತೇ ನಿಂತೆವು. ಬೆವರು ಕಣ್ಣಿಗೆ ಇಳಿಯಿತು, ಮೊಣಕಾಲು ನಡುಗಿತು. ಪಕ್ಕದಲ್ಲಿ ಇನ್ನೂ ಇಪ್ಪತ್ತು ಜನ ಸುಮ್ಮನೆ ನೋಡುತ್ತಿದ್ದರು, ಅವರಿಗೂ ಹುಕುಂ ಇರಲಿಲ್ಲ. "ಇಳಿಸು" ಎನ್ನುವುದು ಒಂದೇ ಒಂದು ಶಬ್ದ. ಅದನ್ನು ಆಡಲು ನಮ್ಮಲ್ಲಿ ಒಬ್ಬನಿಗೂ ಬಾಯಿ ಬರಲಿಲ್ಲ. ಕೊನೆಗೆ ನನ್ನೆದುರಿನವನ ಕಾಲು ಕುಸಿಯಿತು, ಚೌಕಟ್ಟು ವಾಲಿ ಅವನ ಪಾದದ ಮೇಲೆ ಬಿತ್ತು. ಅವನು ಮತ್ತೆ ದಂಡೆಗೆ ಬರಲಿಲ್ಲ, ಉಗ್ರಾಣದ ಕೆಲಸಕ್ಕೆ ಹಾಕಿದರು.

ಇಂಥ ತಪ್ಪು ಸೈನಿಕರಿಂದ ಮಾತ್ರ ಸಾಧ್ಯ. ಮಲ್ಪೆಯ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರು ಹೀಗೆ ನಿಂತಾರೆಯೇ? ಭಾರವಾದರೆ ಇಳಿಸುತ್ತಾರೆ, ಮಾಲೀಕನಿಗೂ ಎರಡು ಮಾತು ಹೇಳುತ್ತಾರೆ. ನಾವು ಶಿಸ್ತಿನವರು, ಅದಕ್ಕೇ ಕಾಲು ಮುರಿದುಕೊಂಡೆವು. ಆ ಗೆಳೆಯನ ಕೂಗು ನನ್ನ ಕಿವಿಯಿಂದ ಹೋಗಲೇ ಇಲ್ಲ. ನನಗೆ ಅಧಿಕಾರ ಬಂದ ದಿನ ನನ್ನ ಕೈಕೆಳಗಿನ ಪ್ರತಿಯೊಬ್ಬನ ಬಾಯಲ್ಲೂ ಒಂದು "ಇಳಿಸು" ಇರುವಂತೆ ಮಾಡುತ್ತೇನೆ ಎಂದು ಅವತ್ತೇ ನಿಶ್ಚಯಿಸಿದೆ.

ಅಧಿಕಾರ ಬಂತು, ಒಂದು ತುಕಡಿ ನನ್ನ ಕೈಗೆ ಸಿಕ್ಕಿತು. ಸಮರಾಭ್ಯಾಸಗಳಲ್ಲಿ ಕಮಾಂಡರ್ ಗುಂಡೇಟು ತಿಂದಂತೆ ನಟಿಸುವ ಪದ್ಧತಿ ಸೈನ್ಯದಲ್ಲಿ ಮೊದಲಿನಿಂದ ಉಂಟು. ವರ್ಷಕ್ಕೆ ಎಲ್ಲೋ ಒಮ್ಮೆ ಮಾಡಿ ಮುಗಿಸುತ್ತಿದ್ದರು. ನಾನು ಅದನ್ನು ದಿನದ ಊಟದಷ್ಟು ಸಾಮಾನ್ಯ ಮಾಡಿದೆ. ಕೆಲಸ ರಂಗೇರಿದ ಹೊತ್ತಿಗೆ ಡೀಸೆಲಿನ ಖಾಲಿ ಡ್ರಮ್ಮು ಕವುಚಿ ಹಾಕಿ, ಅದರ ಮೇಲೆ ಕುಳಿತು "ನಾನು ಸತ್ತೆ" ಎಂದು ಸಾರುತ್ತಿದ್ದೆ. ನಿಯಮ ಸರಳ. ಸತ್ತವನು ಕೆಲಸ ಮುಗಿಯುವವರೆಗೆ ಏಳಬಾರದು, ಮಾತಾಡಬಾರದು. ಅವನಿಗೆ ಚಹಾ ಎಲ್ಲರಿಗಿಂತ ಕೊನೆಗೆ. ಎದ್ದ ಮೇಲೆ ಅವನು ಬೈಯುವಂತಿಲ್ಲ, ಒಂದೇ ಪ್ರಶ್ನೆ ಕೇಳಬಹುದು: "ನಾನು ಬದುಕಿದ್ದರೆ ಮಾಡದೆ ಇದ್ದದ್ದು ಏನು ಮಾಡಿದಿರಿ?"

ಮೊದಲ ಸಲ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಾನು ಸತ್ತೆ ಎಂದ ಕೂಡಲೇ ಇಡೀ ತುಕಡಿ ಕೆಲಸ ಬಿಟ್ಟು ನನ್ನ ಸುತ್ತ ಸೇರಿತು. ಒಬ್ಬ ನೀರು ತಂದ, ಇನ್ನೊಬ್ಬ ಟೊಪ್ಪಿಯಿಂದ ಗಾಳಿ ಹಾಕಿದ. ಶುಶ್ರೂಷೆಯ ಹುಡುಗ ಸ್ಟ್ರೆಚರ್ ಹೊತ್ತು ಓಡಿ ಬಂದು ನನ್ನ ನಾಡಿ ಹಿಡಿದು "ಸಾಬ್, ನಾಡಿ ಚೆನ್ನಾಗಿದೆ" ಎಂದು ಸಂತೋಷಪಟ್ಟ. ಅರ್ಧ ಸೇತುವೆ ಅಲ್ಲೇ ಬಾಯಿ ತೆರೆದು ನಿಂತಿತ್ತು.

ಆದರೆ ನಾನೂ ಹಠಮಾರಿ. ಸಾಯುತ್ತಲೇ ಹೋದೆ. ನಿಧಾನವಾಗಿ ಅವರು ನನ್ನನ್ನು ಮರೆಯಲು ಕಲಿತರು. ಹವಾಲ್ದಾರನನ್ನೂ ಸಾಯಿಸಿದೆ, ನಾಯಕ್ ದರ್ಜೆಯವರನ್ನೂ ಸಾಯಿಸಿದೆ. ಅಡುಗೆಮನೆಗೂ ಇದೇ ಕಾನೂನು ತಂದೆ. ಮುಖ್ಯ ಅಡುಗೆಯವನನ್ನು ಡ್ರಮ್ಮಿಗೆ ಕಳಿಸಿದ ದಿನ ಅವನ ಸಹಾಯಕ ರಾಜು ಬೇಳೆಗೆ ಉಪ್ಪೇ ಹಾಕಲಿಲ್ಲ. ಎಲ್ಲರೂ ನನಗೆ ಶಾಪ ಹಾಕುತ್ತ ಉಂಡರು. ಮರುವಾರ ಅದೇ ರಾಜು ಮಳೆಯಲ್ಲಿ ಒದ್ದೆ ಸೌದೆಯಲ್ಲಿ ಎಲ್ಲರಿಗೂ ಬಿಸಿ ಊಟ ಬಡಿಸಿದ. ಕಲಿಯುವಾಗ ಒಂದು ಊಟ ಕೆಟ್ಟರೆ ಕೆಡಲಿ, ಅದಕ್ಕೆ ಅಂಜುವ ಮೇಲಧಿಕಾರಿ ಯಾರನ್ನೂ ಬೆಳೆಸಲಾರ.

ಇಲ್ಲಿ ಸುಧಾಕರನನ್ನು ಪರಿಚಯಿಸಬೇಕು. ಕಾರ್ಕಳದ ಕಡೆಯ ನಾಯಕ್. ಎರಡು ಪಟ್ಟಿಯ ದರ್ಜೆ ತೋಳಿನ ಮೇಲೆ ಇದ್ದರೂ ಯಾರಾದರೂ ಮಾತಾಡಿಸಿದರೆ ತನ್ನ ಬೂಟು ನೋಡುತ್ತಿದ್ದ. ಕೆಲಸ ನಡೆಸುವ ಸರದಿ ಅವನಿಗೆ ಬಂದಾಗ, ಹುಕುಂ ಕೊಡುವ ಬದಲು ಪಕ್ಕದ ಸಿಪಾಯಿಯನ್ನು "ಈಗ ಎಂತ ಮಾಡುವ?" ಎಂದು ಕೇಳಿದ. ತುಕಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಅವನ ಮುಖ ಸಣ್ಣದಾಯಿತು. ಕೆಲಸ ಮುಗಿದ ಮೇಲೆ ನಾನು ಅವನನ್ನು ಬದಿಗೆ ಕರೆದು ತುಳುವಿನಲ್ಲಿ ಹೇಳಿದೆ, ಕೇಳುವುದನ್ನು ಬಿಡಬೇಡ, ಆದರೆ ಕೇಳಿದ ಮೇಲೆ ನಿಶ್ಚಯ ನಿನ್ನದೇ ಇರಲಿ, ಅದನ್ನು ಗಟ್ಟಿಯಾಗಿ ಹೇಳು ಎಂದು. ಅವನು ಬೂಟು ನೋಡುತ್ತಲೇ ತಲೆಯಾಡಿಸಿದ.

ಈ ಡ್ರಮ್ಮಿನ ಆಟ ನಮ್ಮ ಕಂಪನಿ ಕಮಾಂಡರ್ ಮೇಜರ್ ರಾಠೋಡ್ ಅವರಿಗೆ ಕಂಡರೆ ಆಗುತ್ತಿರಲಿಲ್ಲ. ಒಳ್ಳೆಯ ಅಧಿಕಾರಿ, ಧೈರ್ಯವಂತರು, ಸ್ವಲ್ಪ ನೆಟ್ಟಗಿನ ಮನುಷ್ಯ. ಒಂದು ತಪಾಸಣೆಯ ದಿನ ದೊಡ್ಡ ಅಧಿಕಾರಿಯನ್ನು ಕರೆದುಕೊಂಡು ಅವರು ಬರುವುದಕ್ಕೂ ನಾನು ಡ್ರಮ್ಮಿನ ಮೇಲೆ ಸತ್ತು ಕುಳಿತಿರುವುದಕ್ಕೂ ಸರಿಹೋಯಿತು. ಸೇತುವೆ ನಡೆಸುತ್ತಿದ್ದವನು ಮೀಸೆ ಮೂಡದ ಒಬ್ಬ ಸಿಪಾಯಿ. ನಿಯಮ ಮುರಿಯಬಾರದೆಂದು ನಾನು ಏಳಲಿಲ್ಲ, ಕುಳಿತೇ ಸೆಲ್ಯೂಟ್ ಹೊಡೆದೆ. ದೊಡ್ಡ ಅಧಿಕಾರಿ ಮುಂದೆ ಹೋದರು. ಮೇಜರ್ ಸಂಜೆ ನನ್ನನ್ನು ಕಚೇರಿಗೆ ಕರೆಸಿಕೊಂಡರು.

"ಎಲ್ಲರೂ ನಾಯಕರಾದರೆ ಹಿಂಬಾಲಿಸುವವರು ಯಾರು, ಸಾಬ್?" ಎಂದು ಕೇಳಿದರು. ಸೈನ್ಯದಲ್ಲಿ ಅಧಿಕಾರಿಗಳೂ ಸುಬೇದಾರನನ್ನು ಸಾಬ್ ಎಂದೇ ಕರೆಯುತ್ತಾರೆ, ಬೈಯುವಾಗಲೂ. ನಾನು ಆರು ಜನ ಹೊತ್ತು ನಿಂತ ಚೌಕಟ್ಟಿನ ಕತೆ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಅಭ್ಯಾಸದಲ್ಲಿ ಇದೆಲ್ಲ ಚೆಂದ, ನಿಜವಾದ ಗಂಡಾಂತರ ಬಂದ ದಿನ ನಿಮ್ಮ ಹುಡುಗರು ನಿಮ್ಮ ಮುಖವನ್ನೇ ನೋಡುತ್ತಾರೆ ಎಂದರು. ನಾನು ಹೊರಗೆ ಬಂದೆ. ಆ ಮಾತು ಮಾತ್ರ ಮುಳ್ಳಾಗಿ ಒಳಗೆ ಉಳಿಯಿತು, ಏಕೆಂದರೆ ಅದು ಸುಳ್ಳು ಎನ್ನಲು ನನ್ನಲ್ಲಿ ಪುರಾವೆ ಇರಲಿಲ್ಲ.

ಪುರಾವೆ ನನ್ನ ಊರಿನಲ್ಲೇ ಸಿಕ್ಕಿತು. ನಾನು ನಿವೃತ್ತನಾಗುವ ಮೊದಲಿನ ಮಳೆಗಾಲ. ಉಡುಪಿಯ ಸುತ್ತ ಹೊಳೆಗಳು ತುಂಬಿ ಗದ್ದೆ, ರಸ್ತೆ ಒಂದಾದವು. ಜಿಲ್ಲಾಡಳಿತ ಸೈನ್ಯವನ್ನು ಕರೆಯಿತು, ಸರದಿ ನಮ್ಮ ಕಂಪನಿಗೆ ಬಂತು. ಬಿಹಾರದಲ್ಲಿ, ಅಸ್ಸಾಮಿನಲ್ಲಿ ಎಷ್ಟೋ ನೆರೆ ನೋಡಿದ್ದೇನೆ, ಆದರೆ ಸ್ವಂತ ಊರಿನ ನೀರು ಬೇರೆಯೇ.

ಕಾಪುವಿನಿಂದ ಸ್ವಲ್ಪ ದೂರದಲ್ಲಿ, ಹೊಳೆ ಕಡಲು ಸೇರುವ ಮುಂಚೆ ಒಂದು ಕುದ್ರು ಉಂಟು. ಹೊಳೆಯ ನಡುವಿನ ದ್ವೀಪವನ್ನು ನಾವು ಕುದ್ರು ಎನ್ನುತ್ತೇವೆ. ಅದರ ಮೇಲಿನ ತುದಿಯಲ್ಲಿ ಶಾಲೆ, ಕೆಳತುದಿಯಲ್ಲಿ ಒಂದೇ ಒಂದು ಹಳೆಯ ಹಂಚಿನ ಮನೆ. ಕುದ್ರುವಿನ ಜನರೆಲ್ಲ ಮಕ್ಕಳುಮರಿ ಸಮೇತ ಶಾಲೆಯಲ್ಲಿ ಸೇರಿದ್ದರು, ನೀರು ಅದರ ಜಗಲಿಗೆ ಬಂದಿತ್ತು. ಮೇಜರ್ ನನ್ನ ತುಕಡಿಯನ್ನು ಮೂರು ಬೋಟುಗಳ ಜೊತೆ ದಂಡೆಯಲ್ಲಿ ಬಿಟ್ಟು, ಮಣಿಪಾಲದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯ ಸಭೆಗೆ ಹೋದರು. ಅವರು ಹೋದ ಮೇಲೆ ದಾರಿಗೆ ಮರ ಬಿತ್ತು, ಫೋನು ಸತ್ತಿತು.

ಹಂಚಿನ ಮನೆಯ ಗಿರಿಜಕ್ಕ ಎಂಬ ಮುದುಕಿ ಬರುವುದಿಲ್ಲ ಎಂದು ಹಠ ಹಿಡಿದಿದ್ದಾರೆ ಎಂದು ಗೊತ್ತಾಯಿತು. ಅವರಿಗೆ ತುಳು ಬಿಟ್ಟು ಬೇರೆ ಮಾತು ಬಾರದು. ನಾನೇ ಹೋಗಿ ಒಪ್ಪಿಸುತ್ತೇನೆಂದು ಹವಾಲ್ದಾರ್ ಬಾಲನ್ ನಡೆಸುವ ಬೋಟಿನಲ್ಲಿ ಹೊರಟೆ. ನನ್ನನ್ನು ಮನೆಯ ಹತ್ತಿರ ಇಳಿಸಿದ ಬೋಟು ಶಾಲೆಯ ಕಡೆ ತಿರುಗುವಷ್ಟರಲ್ಲಿ, ತೇಲಿ ಬಂದ ತೆಂಗಿನ ಮರವೊಂದು ಅದರ ಇಂಜಿನಿಗೆ ಬಡಿಯಿತು. ಇಂಜಿನ್ ನಿಂತಿತು. ಬೋಟನ್ನು ಹೊಳೆ ಕೆಳಗೆ ಎಳೆದುಕೊಂಡು ಹೋಯಿತು. ಬಾಲನ್ ದೂರದಲ್ಲಿ ದಂಡೆ ಹಿಡಿದದ್ದು ಕಂಡಿತು, ಜೀವಕ್ಕೆ ಅಪಾಯವಿರಲಿಲ್ಲ. ಆದರೆ ನನ್ನ ವೈರ್‌ಲೆಸ್ ಸೆಟ್ಟು ನೀರು ಕುಡಿದು ಮೂಕವಾಗಿತ್ತು. ಮನೆಗೂ ಶಾಲೆಗೂ ನಡುವೆ ಹೊಸ ಹೊಳೆಯೇ ಹರಿಯುತ್ತಿತ್ತು.

ಗಿರಿಜಕ್ಕ, ಅವರ ನಾಯಿ, ನಾನು ಅಟ್ಟ ಹತ್ತಿದೆವು. ಹಂಚು ಸರಿಸಿ ನೋಡಿದರೆ ದಂಡೆ ನೇರ ಕಾಣುತ್ತಿತ್ತು. ಮೇಜರ್ ಇಲ್ಲ, ನಾನಿಲ್ಲ, ಹವಾಲ್ದಾರ್ ಇಲ್ಲ. ಉಳಿದವರಲ್ಲಿ ಹಿರಿಯನೆಂದರೆ ಬೂಟು ನೋಡುವ ಸುಧಾಕರ. ಶಾಲೆಯಲ್ಲಿ ಅಷ್ಟು ಜೀವ.

ಬೋಟುಗಳು ಹೊರಡಲಿಲ್ಲ. ಹುಡುಗರು ದಂಡೆಯಲ್ಲಿ ನಿಂತಿದ್ದರು. ನಾನು ಕಾದೆ. ಆಗಲೂ ನಿಂತಿದ್ದರು. ನನ್ನ ಕಣ್ಣಿಗೆ ಅವರಲ್ಲ, ಚೌಕಟ್ಟು ಹೊತ್ತ ಆ ಆರು ಜನ ಕಂಡರು. ಮೇಜರ್ ಹೇಳಿದ್ದೇ ನಿಜವಾಯಿತಲ್ಲ ಎನಿಸಿತು. ಕೂಗಿದೆ, ಹೊಳೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಗಿರಿಜಕ್ಕ ನನ್ನ ಪಕ್ಕದಲ್ಲಿ ಇಣುಕಿ ನೋಡಿ, ತುಳುವಿನಲ್ಲಿ "ಯಾಕೆ ಬೊಬ್ಬೆ ಹಾಕ್ತೀರಿ ಪೊರ್ಬುಲೆ, ಅವರು ಕಡಲ ನೀರಿಗೆ ಕಾಯ್ತಾ ಇದ್ದಾರೆ" ಎಂದರು. ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ.

ಸ್ವಲ್ಪ ಹೊತ್ತಿನಲ್ಲಿ ಹೊಳೆಯ ಸದ್ದು ತಗ್ಗಿತು. ಉಬ್ಬರದ ನೀರು ಕಡಲಿನಿಂದ ಮೇಲೆ ಒತ್ತಿ ಬಂದಿತ್ತು, ಹೊಳೆಯ ಸೆಳೆತ ಮುಗ್ಗರಿಸಿತ್ತು. ಆ ಕ್ಷಣಕ್ಕೆ ಸರಿಯಾಗಿ ಎರಡೂ ಬೋಟುಗಳ ಇಂಜಿನ್ ಒಟ್ಟಿಗೆ ಗುಡುಗಿದವು. ದಂಡೆಯ ಮರದಿಂದ ಶಾಲೆಯ ಕಡೆಯ ಮರಕ್ಕೆ ಹಗ್ಗ ಬಿಗಿದರು. ಹಗ್ಗಕ್ಕೆ ಹೊಂದಿಕೊಂಡು ಬೋಟುಗಳು ಹೋದವು, ಬಂದವು, ಮತ್ತೆ ಹೋದವು. ಕೈಗೂಸುಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಇಲ್ಲಿಂದಲೇ ಕಾಣುತ್ತಿತ್ತು.

ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಬೋಟು ನಾವಿದ್ದ ಮನೆಯ ನೇರಕ್ಕೆ ಬಂದು ಶಾಲೆಯ ಕಡೆ ತಿರುಗಿದಾಗ ಗಿರಿಜಕ್ಕನಿಗೆ ಸಿಟ್ಟು ಬಂತು. "ಎಂಥ ಮಕ್ಕಳು ಇವು? ತಮ್ಮ ಯಜಮಾನನನ್ನೇ ಬಿಟ್ಟು ಹೋಗ್ತಾವಲ್ಲ?" ಎಂದರು. ನಾನು ಅಳುತ್ತಿದ್ದೆ. ಹುಡುಗರೇ, ಆ ದಿನದಷ್ಟು ಸಂತೋಷ ನನಗೆ ಯಾವ ಪದಕವೂ ಕೊಟ್ಟಿಲ್ಲ. ಅಲ್ಲಿ ತುಂಬ ಜನ, ಇಲ್ಲಿ ಗಟ್ಟಿ ಗೋಡೆಯ ಮನೆಯ ಅಟ್ಟದಲ್ಲಿ ಇಬ್ಬರು. ಸುಬೇದಾರ ಕಾಯಲಿ ಎಂದು ನಿಶ್ಚಯಿಸುವ ಎದೆಗಾರಿಕೆ ಒಬ್ಬ ನಾಯಕ್‌ಗೆ ಬಂದಿತ್ತು. ನಾನಾಗಿದ್ದರೂ ಅದನ್ನೇ ಮಾಡಬೇಕಿತ್ತು, ಮಾಡುತ್ತಿದ್ದೆನೋ ಇಲ್ಲವೋ.

ಶಾಲೆ ಖಾಲಿಯಾದ ಮೇಲೆ ಬೋಟು ನಮ್ಮ ಬಳಿಗೆ ಬಂತು. ನಡೆಸುತ್ತಿದ್ದವನು ಮುರುಗನ್ ಎಂಬ ಸಿಪಾಯಿ. ನಾಯಿಯನ್ನು ಮೊದಲು ಹತ್ತಿಸಿದ, ಆಗ ಗಿರಿಜಕ್ಕ ತಾವೇ ಹತ್ತಿದರು. ನಾನು ತಾಸುಗಟ್ಟಲೆ ಮಾಡಿದ ಉಪದೇಶಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡಿತು. ದಾರಿಯಲ್ಲಿ ಅವನು ನಡೆದದ್ದನ್ನೆಲ್ಲ ಹೇಳಿದ. ನಮ್ಮ ಬೋಟು ಹೋದ ಕೂಡಲೇ ಎಲ್ಲರೂ ಸುಧಾಕರನ ಮುಖ ನೋಡಿದರಂತೆ. ಸುಧಾಕರ ದಂಡೆಯಲ್ಲಿದ್ದ ಹಸನಬ್ಬ ಎಂಬ ದೋಣಿಯವರ ಹತ್ತಿರ ಹೋಗಿ, ತನ್ನ ಹಳೆಯ ಪ್ರಶ್ನೆಯನ್ನೇ ಕೇಳಿದನಂತೆ: ಈಗ ಎಂತ ಮಾಡುವ? ಒಳನಾಡಿನ ಕಾರ್ಕಳದವನಿಗೆ ಬಂಡೆ ಗೊತ್ತು, ಉಬ್ಬರ ಇಳಿತ ಎಲ್ಲಿ ಗೊತ್ತು? ಕಡಲ ನೀರು ಏರುವವರೆಗೆ ತಡೆಯಿರಿ, ಈಗ ಇಳಿದರೆ ಇನ್ನೊಂದು ಬೋಟೂ ಹೋಗುತ್ತದೆ ಎಂದರಂತೆ ಅವರು. ತಡೆದರೆ ಶಾಲೆಯಲ್ಲಿ ನೀರು ಇನ್ನಷ್ಟು ಏರುತ್ತದೆ. ಸುಧಾಕರ ಒಂದು ಗಳಿಗೆ ಬೂಟು ನೋಡಿದ, ಆಮೇಲೆ ತಲೆಯೆತ್ತಿ "ಕಾಯುತ್ತೇವೆ, ನಿಶ್ಚಯ ನನ್ನದು" ಎಂದ. ಶಾಲೆಯವರಿಗೆ ಧ್ವನಿವರ್ಧಕದಲ್ಲಿ ಮಕ್ಕಳನ್ನು ಬೆಂಚಿನ ಮೇಲೆ ಬೆಂಚು ಇಟ್ಟು ಕೂರಿಸಲು ಹೇಳಿಸಿದ. ಕಾಯುವ ಹೊತ್ತಿನಲ್ಲಿ ಹಗ್ಗ ಹುರಿಗೊಳಿಸಿದರು.

ಮುರುಗನ್ ತನ್ನ ಪ್ರತಾಪವನ್ನೂ ಹೇಳಿಕೊಂಡ. ಯಾರೋ ಒಬ್ಬ ಮುಖಂಡರು ಫೋಟೋದವನ ಜೊತೆ ಬಂದು ತಮ್ಮನ್ನು ಒಂದು ಸುತ್ತು ಕರೆದೊಯ್ಯಲು ಹೇಳಿದರಂತೆ. ಈ ಬೋಟಿನ ಕಮಾಂಡರ್ ನಾನು, ಬನ್ನಿ, ಆದರೆ ಹೋದವರು ಶಾಲೆಯಲ್ಲಿ ಇಳಿದು ಕೊನೆಯ ಸುತ್ತಿಗೆ ಬರಬೇಕು ಎಂದನಂತೆ ಇವನು. ಮುಖಂಡರಿಗೆ ಬೇರೆಲ್ಲೋ ತುರ್ತು ಕೆಲಸ ನೆನಪಾಯಿತು.

ದಂಡೆಗೆ ಇಳಿದವನೇ ನಾನು ಹಳೆಯ ಚಾಳಿಯಂತೆ ಶುರುಮಾಡಿದೆ. ಆ ಹಗ್ಗ ಬಿಚ್ಚು, ಈ ಬೋಟು ಮೇಲೆ ಎಳೆ, ಜನರನ್ನು ಅತ್ತ ಕಳಿಸು. ಯಾರೂ ಅಲ್ಲಾಡಲಿಲ್ಲ. ಸುಧಾಕರ ಬಂದು ಸೆಲ್ಯೂಟ್ ಹೊಡೆದ. ಈ ಸಲ ಅವನ ಕಣ್ಣು ಬೂಟಿನ ಮೇಲಿರಲಿಲ್ಲ, ನೇರ ನನ್ನ ಮೇಲಿತ್ತು.

"ಸಾಬ್, ನೀವು ಸತ್ತಿದ್ದೀರಿ. ಕೆಲಸ ಇನ್ನೂ ಮುಗಿಲಿಲ್ಲ. ಡ್ರಮ್ಮು ಅಲ್ಲಿ ಉಂಟು, ಕೂತ್ಕೊಳ್ಳಿ."

ನಿಜಕ್ಕೂ ಒಂದು ಡ್ರಮ್ಮು ತೆಂಗಿನ ಮರದ ಬುಡದಲ್ಲಿ ಕವುಚಿ ಇಟ್ಟಿದ್ದರು. ನನ್ನದೇ ಕಾನೂನು, ಯಾರಿಗೆ ದೂರಲಿ? ಹೋಗಿ ಕುಳಿತೆ. ಸ್ವಲ್ಪ ಆಚೆ ರಾಜು ಒಂದು ಸಭಾಭವನದ ಎದುರು ದೊಡ್ಡ ಹಂಡೆಯಲ್ಲಿ ಗಂಜಿ ಕುದಿಸಿ, ಮಕ್ಕಳಿಗೆ ಮೊದಲು, ಮುದುಕರಿಗೆ ಆಮೇಲೆ ಎಂದು ಸಾಲು ನಿಲ್ಲಿಸಿದ್ದ. ಉಪ್ಪು ಸರಿಯಾಗಿತ್ತಂತೆ, ಗಿರಿಜಕ್ಕ ಆಮೇಲೆ ಹೇಳಿದರು.

ಆಗ ಮೇಜರ್ ಅವರ ಜೀಪು ಬಂತು. ಮರ ಕಡಿಸಿ, ಸುತ್ತು ದಾರಿ ಹಿಡಿದು, ಕೆಸರಿನಲ್ಲಿ ಮುಳುಗಿ ಎದ್ದು ಬಂದಿದ್ದರು. ಮುಖ ಬಿಳಿಚಿಕೊಂಡಿತ್ತು. ಡ್ರಮ್ಮಿನ ಮೇಲಿದ್ದ ನನ್ನನ್ನು ಗಮನಿಸದೆ ನೇರ ದಂಡೆಗೆ ಓಡಿ, "ಇಲ್ಲಿ ಕಮಾಂಡ್ ಯಾರದ್ದು?" ಎಂದು ಕೇಳಿದರು. ಬೋಟಿನಿಂದ ಮುರುಗನ್ "ನನ್ನದು ಸರ್" ಎಂದ. ಹಗ್ಗದ ಹತ್ತಿರ ಇದ್ದವನು "ನನ್ನದು ಸರ್" ಎಂದ. ಹಂಡೆಯ ಹಿಂದಿನಿಂದ ಸೌಟು ಹಿಡಿದೇ ರಾಜು "ನನ್ನದು ಸರ್" ಎಂದ. ಕೊನೆಗೆ ಸುಧಾಕರ ಮುಂದೆ ಬಂದು, ಇವರೆಲ್ಲರ ಕಮಾಂಡ್ ನನ್ನದು, ಕುದ್ರು ಖಾಲಿಯಾಗಿದೆ, ಎಲ್ಲರೂ ಕ್ಷೇಮ ಎಂದು ವರದಿ ಕೊಟ್ಟ.

ಮೇಜರ್ ಖಾಲಿ ಶಾಲೆಯ ಕಡೆ ನೋಡಿದರು, ಗಂಜಿಯ ಸಾಲು ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ನಡೆದು ಬಂದರು. ನಾನು ಏಳಲಿಲ್ಲ, ಬಾಯಿ ಬಿಡಲಿಲ್ಲ. ಸತ್ತವನು ಸತ್ತವನೇ. ಅವರು ಕೆಸರಾದ ಟೊಪ್ಪಿಯನ್ನು ತೆಗೆದು ತೊಡೆಗೆ ಬಡಿದುಕೊಂಡರು. ಅಷ್ಟು ನೆಟ್ಟಗಿನ ಮನುಷ್ಯನ ಬೆನ್ನು ಸಡಿಲವಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸ್ವಲ್ಪ ಸರಿಯಿರಿ, ಸಾಬ್" ಎಂದರು. "ನಾನೂ ಸತ್ತೆ."

ಇಬ್ಬರೂ ಒಂದೇ ಡ್ರಮ್ಮಿನ ಮೇಲೆ ಕುಳಿತು, ಹುಡುಗರು ಹಗ್ಗ ಬಿಚ್ಚುವುದನ್ನು ನೋಡಿದೆವು. ಚಹಾ ನಮಗೆ ಎಲ್ಲರಿಗಿಂತ ಕೊನೆಗೆ ಬಂತು.